ಪಿರೊಷ್ಕಾಳ ಬಳೆಯ ಸದ್ದು

ನನ್ನ ಕಪಾಟಿನಲ್ಲಿ ಆರುನೂರ ಹನ್ನೆರಡು ರೆಕಾರ್ಡುಗಳಿವೆ. ಒಂದು ಕೃತಿಗೆ ಒಂದೇ ರೆಕಾರ್ಡು ಎಂಬುದು ನನ್ನ ಕಟ್ಟಳೆ. ನುಡಿಸಿದವರು ಮನಸ್ಸಿಟ್ಟು ನುಡಿಸಿರಬೇಕು, ಅದನ್ನು ಹಿಡಿದಿಟ್ಟವನಿಗೆ ಮೈಕು ಎಲ್ಲಿಡಬೇಕೆಂಬ ಬುದ್ಧಿ ಇರಬೇಕು. ಇವೆರಡೂ ಕೂಡಿ ಬರುವುದು ಅತ್ತೆ ಸೊಸೆ ಕೂಡಿ ಬಂದಷ್ಟೇ ಅಪರೂಪ. ಇರುವುದಕ್ಕಿಂತ ಒಳ್ಳೆಯದು ಸಿಕ್ಕಿದ ದಿನ ಹಳೆಯದನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಬುಡಾಪೆಸ್ಟಿನಲ್ಲಿ ಮೂರು ಮೂರು ಸಾವಿರ ರೆಕಾರ್ಡು ಗುಡ್ಡೆ ಹಾಕಿಕೊಂಡು ಕೂತವರಿದ್ದಾರೆ. ಅವರನ್ನು ನಾನು ಗುಜರಿಯವರು ಎಂದೇ ಕರೆಯುವುದು.

ನಲವತ್ತು ವರ್ಷ ಊರಿನ ಪಿಯಾನೋಗಳಿಗೆ ಶ್ರುತಿ ಮಾಡಿದ ಕಿವಿ ನನ್ನದು. ಈ ಜುಗ್ಲೊ ಬಡಾವಣೆಯಲ್ಲಿ ಯಾರಿಗಾದರೂ ಸ್ವರದ ಬಗ್ಗೆ ಜಗಳ ಹತ್ತಿದರೆ "ಎಲೆಮೇರ್‌ನ ಕೇಳೋಣ" ಅನ್ನುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ.

ಆರುನೂರ ಹನ್ನೆರಡರಲ್ಲಿ ಒಂದು ರೆಕಾರ್ಡು ಮಾತ್ರ ಕಟ್ಟಳೆಗೆ ಹೊರಗು. ಹೈಡನ್ನನ ಒಂದು ಕೃತಿ: ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ. ಮೂವತ್ತೇಳು ವರ್ಷದ ಹಿಂದೆ ಕರ್ತಾಲ್ ಎಂಬ ತಂಡದವರು ಸಭೆಯ ಮುಂದೆ ನುಡಿಸಿದ್ದನ್ನು ರೇಡಿಯೋದವರು ಹಿಡಿದಿಟ್ಟು, ಆಮೇಲೆ ಅದು ರೆಕಾರ್ಡಾಗಿ ಬಂತು. ನುಡಿಸಿದ್ದು ಬಹಳ ಚೆನ್ನ. ದನಿ ಮಾತ್ರ ಅಷ್ಟಕ್ಕಷ್ಟೆ. ಚೆಲ್ಲೊ ಕಂಬಳಿ ಹೊದ್ದು ಕೂತಂತಿದೆ, ಜನ ಕೆಮ್ಮುತ್ತಾರೆ. ಬೇರೆ ಯಾರದಾದರೂ ಆಗಿದ್ದರೆ ಎಂದೋ ಮನೆ ಬಿಡಿಸುತ್ತಿದ್ದೆ.

ಆದರೆ ಅದರ ಎರಡನೆಯ ಭಾಗದಲ್ಲಿ, ನಿಧಾನದ ಭಾಗದಲ್ಲಿ, ನಾಲ್ವರೂ ಒಮ್ಮೆ ನಿಲ್ಲಿಸುತ್ತಾರೆ. ಒಂದು ಉಸಿರಿನಷ್ಟು ಮೌನ. ಆ ಮೌನದಲ್ಲಿ ಸಣ್ಣಗೆ 'ಕಿಣಿ' ಎಂದು ಒಂದು ಸದ್ದು ಬರುತ್ತದೆ. ಅದು ಪಿರೊಷ್ಕಾಳ ಕೈಬಳೆ. ಅದಕ್ಕೆ ಅವಳ ಅಜ್ಜಿ ಕಟ್ಟಿಸಿದ್ದ ಮೂರು ಪುಟ್ಟ ಬೆಳ್ಳಿ ನಾಣ್ಯಗಳಿದ್ದವು. ನಮಗಿನ್ನೂ ಮದುವೆಯಾಗಿರಲಿಲ್ಲ. ನಾನು ಕರೆದುಕೊಂಡು ಹೋದ ಮೊದಲ ಕಛೇರಿಯದು. ಅವಳು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು, ನಾನು ತಿರುಗಿ ದುರುಗುಟ್ಟಿ ನೋಡಿದೆ. ರೆಕಾರ್ಡು ಬಂದ ಮೇಲೆ ಅವಳು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀನು ಬೇಡ ಅಂದಿದ್ದನ್ನ ಅವರು ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ನೋಡು," ಅಂದಳು.

ಐದು ವರ್ಷದ ಹಿಂದೆ ಅವಳು ಹೋದಳು. ಬಳೆಯೂ ಅವಳ ಕೈಯಲ್ಲೇ ಹೋಯಿತು. ನಮ್ಮ ಹತ್ತಿರ ಟೇಪು ಇರಲಿಲ್ಲ, ಅವಳ ಮಾತು ಎಲ್ಲೂ ಉಳಿದಿಲ್ಲ. ಆ ಒಂದು 'ಕಿಣಿ' ಬಿಟ್ಟರೆ ಈ ಲೋಕದಲ್ಲಿ ನನ್ನ ಹೆಂಡತಿ ಮಾಡಿದ ಸದ್ದು ಬೇರೆ ಇಲ್ಲ. ಸವೆದುಹೋಗಬಾರದೆಂದು ಆ ರೆಕಾರ್ಡನ್ನು ವರ್ಷಕ್ಕೊಮ್ಮೆ ಮಾತ್ರ, ಜನವರಿ ಹದಿನೆಂಟರಂದು, ನಮ್ಮ ಪಂಚಾಂಗದಲ್ಲಿ ಪಿರೊಷ್ಕಾ ಎಂಬ ಹೆಸರಿಗೆ ಮೀಸಲಾದ ದಿನದಂದು ಹಾಕುತ್ತೇನೆ.

ಈ ಜನವರಿ ಹದಿನೆಂಟರಂದು ಬೆಳಿಗ್ಗೆ ಹತ್ತು ಗಂಟೆಗೆ ಕೈ ತೊಳೆದು, ರೆಕಾರ್ಡು ಒರೆಸಿ, ಮುಳ್ಳು ಇಳಿಸಿದೆ. ನಾಲ್ವರೂ ನಿಲ್ಲಿಸಿದರು. ಮೌನ ಬಂತು. ಪಿಟೀಲು ಮತ್ತೆ ಶುರುವಾಯಿತು.

ಬಳೆ ಇರಲಿಲ್ಲ.

ಇನ್ನೊಮ್ಮೆ ಹಾಕಿದೆ. ಇಲ್ಲ. ಹೋದ ವರ್ಷವೇ ಅದು ಸ್ವಲ್ಪ ಕ್ಷೀಣವಾಗಿತ್ತು, ಮುಳ್ಳು ಸವೆದಿದೆ ಎಂದುಕೊಂಡು ಹೊಸದು ಹಾಕಿಸಿದ್ದೆ. ಹೊಸ ಮುಳ್ಳಿನಲ್ಲಿ ನನ್ನ ರೆಕಾರ್ಡುಗಳೆಲ್ಲ ಮೊದಲಿಗಿಂತ ಚೊಕ್ಕಟವಾಗಿ ಕೇಳುತ್ತಿದ್ದವು. ಇದಂತೂ ಅನುಮಾನ ಬರುವಷ್ಟು ಚೊಕ್ಕಟವಾಗಿತ್ತು. ಹಳೆಯ ರೆಕಾರ್ಡಿನ 'ಸುರ್' ಎಂಬ ಸದ್ದೇ ಇಲ್ಲ. ಕೆಮ್ಮು ಮಾತ್ರ ಇದ್ದ ಹಾಗೇ ಇತ್ತು.

ಆಗ ನನಗೆ ಹೊಳೆಯಿತು. ಈಚೆಗೆ ಹಳೆಯ ಮುದ್ರಣಗಳನ್ನು ಯಂತ್ರದಲ್ಲಿ ಸೋಸಿ ಹೊಸದಾಗಿ ಒತ್ತುತ್ತಾರೆ. ಸುರ್ ಸದ್ದಿನ ಜೊತೆ ತೆಳ್ಳಗಿರುವುದೆಲ್ಲ ಹೋಗುತ್ತದೆ, ದಪ್ಪನೆಯ ಕೆಮ್ಮು ಉಳಿಯುತ್ತದೆ. ಅಂದರೆ ನನ್ನ ಕವರಿನೊಳಗಿರುವುದು ನನ್ನ ರೆಕಾರ್ಡಲ್ಲ. ಯಾರೋ ಹಳೆಯದನ್ನು ಎತ್ತಿಕೊಂಡು ಸೋಸಿದ್ದನ್ನು ತುರುಕಿದ್ದಾರೆ.

ಯಾರೋ ಏನು ಬಂತು? ಆ ರೆಕಾರ್ಡು ಒಂದು ವರ್ಷದಲ್ಲಿ ಮನೆ ದಾಟಿದ್ದು ಒಂದೇ ಸಲ. ಅಕ್ಟೋಬರಿನಲ್ಲಿ ದೆಜೋ ಬೇಡಿಕೊಂಡು ಮೂರು ವಾರಕ್ಕೆ ಒಯ್ದಿದ್ದ.

ದೆಜೋ ನನ್ನ ಮೂವತ್ತು ವರ್ಷದ ಗೆಳೆಯ. ಪಿರೊಷ್ಕಾಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನೂ ರೆಕಾರ್ಡು ಕೂಡಿಸುವವನೇ. ಇಂಥ ಹಳೆಯ ಮುದ್ರಣಕ್ಕೆ ನಮ್ಮವರು ಹೇಗೆ ಬಾಯಿ ಬಿಡುತ್ತಾರೆಂದು ಅವನಿಗೆ ಗೊತ್ತು. ಭೂತಗನ್ನಡಿ ಹಿಡಿದು ರೆಕಾರ್ಡಿನ ನಡುವಿನ ನುಣುಪು ಜಾಗದಲ್ಲಿ ಕೆತ್ತಿರುವ ಅಂಕಿ ನೋಡಿದೆ. ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಅಂಕಿಯೇ. ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಆದರೆ ದೆಜೋ ಬದುಕೆಲ್ಲ ವಾಚು ರಿಪೇರಿ ಮಾಡಿದವನು. ಅಕ್ಕಿಕಾಳಿನಷ್ಟು ಜಾಗದಲ್ಲಿ ಹೆಸರು ಕೆತ್ತುವ ಕೈಗೆ ಆರು ಅಂಕಿ ಯಾವ ಲೆಕ್ಕ?

ಒಮ್ಮೆ ಅನುಮಾನ ಹೊಕ್ಕಿತೆಂದರೆ ಕಾಮಾಲೆ ಕಣ್ಣಿಗೆ ಎಲ್ಲ ಹಳದಿಯೇ. ನನಗೆ ಮಾತ್ರ ಆಗ ಕಣ್ಣು ತೆರೆದಂತಾಯಿತು. ನವೆಂಬರಿನಲ್ಲಿ ಅವನು ನಮ್ಮ ಅಡಿಗೆಮನೆಯಲ್ಲಿ ಕೂತು, ಜೇಬಿನಿಂದ ಹಳೆಯ ಗಡಿಯಾರ ತೆಗೆದು ನನ್ನ ಕಿವಿಗೆ ಹಿಡಿದಿದ್ದ.

"ನಡೀತಿದ್ಯಾ ಹೇಳು."

"ಸತ್ತು ಹೋಗಿದೆ ಕಣೋ. ಯಾವನಿಗೆ ಟೋಪಿ ಹಾಕಕ್ಕೆ ಹೊರಟಿದೀಯ?"

ಅವನು ನಗಲಿಲ್ಲ. ನನ್ನ ಮುಖ ನೋಡಿ ಗಡಿಯಾರವನ್ನು ಮೆತ್ತಗೆ ಜೇಬಿಗಿಳಿಸಿದ. ಈಗ ಯೋಚಿಸಿದರೆ, ಅದು ನನ್ನನ್ನು ಅಳೆದು ನೋಡಿದ್ದು. ಇವನಿಗೆ ಮೋಸ ತಿಳಿಯುತ್ತದೋ ಇಲ್ಲವೋ ಎಂದು.

ಫೆಬ್ರವರಿಯಲ್ಲಿ ಬೇಕೆಂದೇ ಅವನನ್ನು ಚಹಾಕ್ಕೆ ಕರೆದೆ. ನಿಂಬೆಹಣ್ಣು ತರಲು ಒಳಗೆ ಹೋಗಿ ಬಂದೆ, ಅಷ್ಟೆ. ಅವನು ಹೋದ ಮೇಲೆ ನೋಡುತ್ತೇನೆ, ಆಂಪ್ಲಿಫೈಯರಿನಲ್ಲಿ ತೆಳು ಸದ್ದುಗಳನ್ನು ಏರಿಸುವ ಟ್ರೆಬಲ್ ಗುಂಡಿ ಪೂರ್ತಿ ಬಲಕ್ಕೆ ತಿರುಗಿದೆ! ನಮ್ಮ ರೆಕಾರ್ಡು ಕೇಳುವ ಕೂಟದವರಲ್ಲಿ ಆ ಗುಂಡಿ ಮುಟ್ಟುವುದೆಂದರೆ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ. ನುಡಿಸಿದವರು ಬಯಸಿದ್ದಕ್ಕೆ ಉಪ್ಪು ಖಾರ ಸೇರಿಸಲು ನಾವು ಯಾರು? ಗುಂಡಿ ಯಾವಾಗಲೂ ನಡುವಿಗೇ ಇರಬೇಕು. ಸೋಸಿದ ರೆಕಾರ್ಡಿನ ಮಂಕು ನನಗೆ ಗೊತ್ತಾಗದಿರಲಿ ಎಂದು ಈ ಕಳ್ಳ ತಿರುಗಿಸಿಟ್ಟಿದ್ದಾನೆ. ಹಲ್ಲು ಕಚ್ಚಿ ನಡುವಿಗೆ ತಂದೆ.

ಎತೆಲ್ಕಾ ಟೀಚರ್ ಕೂಡ ಇದರಲ್ಲಿ ಸೇರಿದ್ದಾರೆಂದು ಅದೇ ವಾರ ತಿಳಿಯಿತು. ಸಂಗೀತ ಶಾಲೆಯಿಂದ ನಿವೃತ್ತರಾದ ಹೆಂಗಸು, ನಾಲಿಗೆ ಚೂರಿಯಂಥದು. ಅವರ ಮನೆಯ ಪಿಯಾನೋಗೆ ಇಪ್ಪತ್ತು ವರ್ಷದಿಂದ ಶ್ರುತಿ ಮಾಡುವವನು ನಾನೇ. ಸೆಪ್ಟೆಂಬರಿನಲ್ಲಿ ನಾನು ಮಾಡಿಹೋದ ವಾರಕ್ಕೇ ಬೇರೊಬ್ಬನನ್ನು ಕರೆಸಿದ್ದರಂತೆ! ಟ್ರಾಮಿನಲ್ಲಿ ಸಿಕ್ಕಾಗ ಕೇಳಿದೆ.

"ಅಯ್ಯೋ, ಮೇಲಿನ ಸ್ವರಗಳು ಸ್ವಲ್ಪ ಇಳಿದಿದ್ವು ಎಲೆಮೇರ್. ಹವಾ ನೋಡಿ ಹೇಗಿದೆ," ಎಂದು ಕಿಟಕಿ ಕಡೆ ತಿರುಗಿದರು.

ಹವಾ ಅಂತೆ. ಮರು ಶನಿವಾರ ನಾನು ಕೂಟಕ್ಕೆ ಹೋದಾಗ ಅವರೂ ದೆಜೋನೂ ತಲೆಗೆ ತಲೆ ಕೊಟ್ಟು ಪಿಸುಗುಡುತ್ತಿದ್ದರು. ನನ್ನನ್ನು ಕಂಡೊಡನೆ ಮಾತು ನಿಂತಿತು.

ಆ ದಿನವೇ ತೀರ್ಮಾನಿಸಿದೆ, ಇವನನ್ನು ಪರದೆಗೆ ಹಾಕಬೇಕು.

ನಮ್ಮ ಕೂಟ ಸೇರುವುದು ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಶನಿವಾರ ಬೆಳಿಗ್ಗೆ. ಒಟ್ಟು ಎಂಟು ಜನ. ಯಾರ ರೆಕಾರ್ಡು ಮೇಲು ಎಂಬ ವಾದ ಬಂದರೆ ಗ್ರಂಥಾಲಯದ ಹುಡುಗಿ ವಿಲ್ಮಾ ಪರದೆಯ ಹಿಂದೆ ನಿಂತು ಎರಡನ್ನೂ ಹಾಕುತ್ತಾಳೆ. ಯಾವುದು ಮೊದಲು ಎಂದು ಹೇಳುವುದಿಲ್ಲ. ನಾವು ಕಣ್ಣು ಮುಚ್ಚಿ ಕೂರಬೇಕು, ಒಬ್ಬರ ಮುಖ ನೋಡಿ ಇನ್ನೊಬ್ಬರು ತಲೆದೂಗಬಾರದು. ಒಪ್ಪಿದವರು ಸುಮ್ಮನೆ ಕೈ ಎತ್ತಬೇಕು. ಅವಳು ಪರದೆಯ ಸಂದಿಯಿಂದ ಎಣಿಸಿ ಚೀಟಿಯಲ್ಲಿ ಬರೆದು ಕೊನೆಗೆ ಓದುತ್ತಾಳೆ. ಪರದೆಯ ತೀರ್ಪಿಗೆ ಮೇಲ್ಮನವಿ ಇಲ್ಲ. ಎಷ್ಟೋ ದೊಡ್ಡ ದೊಡ್ಡ ಹೆಸರುಗಳು ಆ ಕೋಣೆಯಲ್ಲಿ ಮಣ್ಣು ಮುಕ್ಕಿವೆ.

ಮಾರ್ಚಿನ ಮೊದಲ ಶನಿವಾರ ನಾನು ನನ್ನ ರೆಕಾರ್ಡು ಹಿಡಿದುಕೊಂಡು ಹೋದೆ. ಎತೆಲ್ಕಾ ಅವರ ಹತ್ತಿರವೂ ಅದೇ ಹಳೆಯ ಮುದ್ರಣವಿತ್ತು, ತರಲು ಹೇಳಿದ್ದೆ. ಎಲ್ಲರೂ ಕೂತ ಮೇಲೆ ಎದ್ದು ನಿಂತೆ.

"ನಮ್ಮೊಳಗೆ ಒಬ್ಬ ಕಳ್ಳ ಇದ್ದಾನೆ."

"ಪೊಗಾಚಾ ಖಾಲಿ ಆಗಿದ್ದಕ್ಕಾದ್ರೆ ನಾನೇ ಕಣ್ರೀ," ಅಂದರು ಎತೆಲ್ಕಾ, ಚೀಸಿನ ಬಿಸ್ಕತ್ತಿನ ಡಬ್ಬಿ ತೋರಿಸಿ. ಎಲ್ಲರೂ ನಕ್ಕರು. ದೆಜೋ ನಗಲಿಲ್ಲ, ಅವನ ಕೈ ಕುತ್ತಿಗೆಪಟ್ಟಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ.

"ಪಿರೊಷ್ಕಾಳ ಬಳೆ ಎಲ್ಲಿ ದೆಜೋ?" ಎಂದೆ. "ಅಕ್ಟೋಬರಲ್ಲಿ ಒಯ್ದೆಯಲ್ಲ, ನಂದನ್ನ ಇಟ್ಕೊಂಡು ಸೋಸಿದ್ದನ್ನ ಕೊಟ್ಟೆ. ಅಂಕಿ ಬೇರೆ ಕೆತ್ತಿದೀಯ. ಬೇರೆ ಯಾವುದಾದ್ರೂ ಕದ್ದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ಇದನ್ನ ಕದಿಯಕ್ಕೆ ನಿಂಗೆ ಹೇಗೆ ಮನಸ್ಸು ಬಂತೋ?"

ದೆಜೋ ಬಾಯಿ ತೆರೆದ, ಎತೆಲ್ಕಾ ಅವನ ತೋಳು ಹಿಡಿದರು.

"ಎಲೆಮೇರ್, ಇವತ್ತು ಬೇಡಪ್ಪ," ಅಂದರು ಅವರು. "ಚಹಾ ಕುಡಿಯೋಣ. ಆಮೇಲೆ ನಾವು ಮೂರೇ ಜನ ಕೂತು ಮಾತಾಡೋಣ."

"ಬೇಡ ಟೀಚರ್. ಪರದೆ ಹೇಳಲಿ. ಎರಡು ಪ್ಲೇಟು, ಒಂದು ನಿಮ್ದು, ಒಂದು ನನ್ನದು. ಬಳೆ ಕೇಳಿದವರು ಕೈ ಎತ್ತಿ. ನಿಮ್ಮದರಲ್ಲಿ ಕೇಳಿ ನನ್ನದರಲ್ಲಿ ಕೇಳ್ದೆ ಇದ್ರೆ ಇವನು ಇನ್ಮೇಲೆ ಈ ಬಾಗಿಲು ತುಳೀಬಾರದು."

"ನಂಗೆ ಒಪ್ಪಿಗೆ ಇಲ್ಲ," ಅಂದ ದೆಜೋ.

"ಹೇಗಿರತ್ತೆ ಒಪ್ಪಿಗೆ! ವಿಲ್ಮಾ, ಹಾಕಮ್ಮ."

ಕಣ್ಣು ಮುಚ್ಚಿದೆವು. ಮೊದಲನೆಯ ರೆಕಾರ್ಡು ನಡೆಯಿತು. ನಾಲ್ವರೂ ನಿಲ್ಲಿಸಿದರು. ಮೌನದಲ್ಲಿ ಏನೂ ಇರಲಿಲ್ಲ. ಇದೇ ನನ್ನದು, ಅಲ್ಲಲ್ಲ, ಇದೇ ಅವನ ಕಳ್ಳಮಾಲು, ಎಂದು ಒಳಗೊಳಗೇ ಹಿಗ್ಗಿದೆ. ಕೈಗಳನ್ನು ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡೆ.

ಎರಡನೆಯದು ಶುರುವಾಯಿತು. ಇದು ಟೀಚರದು. ಇದರಲ್ಲಿ ಅವಳು ಇರುತ್ತಾಳೆ. ಬಲಗೈ ಸಿದ್ಧ ಮಾಡಿಕೊಂಡೆ. ನನಗೆ ಅಳು ಬರುವಂತಿತ್ತು, ಕಳ್ಳನನ್ನು ಹಿಡಿದದ್ದಕ್ಕಲ್ಲ, ಒಂದು ವರ್ಷದ ಮೇಲೆ ಅವಳು ಕೈ ಎತ್ತುತ್ತಾಳೆಂದು. ಪಿಟೀಲು ಇಳಿಯಿತು, ವಯೋಲ ಇಳಿಯಿತು, ನಿಂತರು. ಮೌನ.

ಪಿಟೀಲು ಮತ್ತೆ ಶುರುವಾಯಿತು.

ಇಲ್ಲ. ಇದರಲ್ಲೂ ಇಲ್ಲ. ಹಾಗಾದರೆ ಟೀಚರದನ್ನೂ ಬದಲಾಯಿಸಿದ್ದಾನೆಯೇ? ಎಷ್ಟು ಮನೆಗೆ ಕನ್ನ ಹಾಕಿದ್ದಾನೆ ಇವನು? ಕೂಟದ ಹದಿನಾರು ವರ್ಷದಲ್ಲಿ ಮೊದಲ ಸಲ ಪರದೆಯ ನಿಯಮ ಮುರಿದು ನಾನು ಕಣ್ಣು ತೆರೆದೆ.

ಏಳು ಕೈಗಳು ಮೇಲಿದ್ದವು.

ಎಲ್ಲರ ಕಣ್ಣೂ ಮುಚ್ಚಿತ್ತು. ಎತೆಲ್ಕಾ ಅವರ ಕೈ ಮೇಲೆ, ಮೂಲೆಯ ಮುದುಕರ ಕೈ ಮೇಲೆ. ದೆಜೋನ ಕೈಯೂ ಮೇಲೆ. ಅವನ ಮುಚ್ಚಿದ ರೆಪ್ಪೆಗಳು ಒದ್ದೆಯಾಗಿದ್ದವು.

ನನ್ನ ಕೈ ತಾನಾಗಿ ಅರ್ಧ ಎದ್ದಿತು. ಸುಳ್ಳು ಹೇಳಲು ಎದ್ದ ಕೈ ಅದು, ಮುಚ್ಚಿಡುವುದಿಲ್ಲ. ಪರದೆಯ ಸಂದಿಯಲ್ಲಿ ವಿಲ್ಮಾಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈ ಇಳಿಸಿ ಕಣ್ಣು ಮುಚ್ಚಿಕೊಂಡೆ. ಗಡಿಯಾರ, ಮೇಲಿನ ಸ್ವರಗಳು, ಟ್ರೆಬಲ್ ಗುಂಡಿ, ಚೊಕ್ಕಟವಾಗಿಬಿಟ್ಟ ನನ್ನ ಆರುನೂರ ಹನ್ನೆರಡು ರೆಕಾರ್ಡುಗಳು, ಎಲ್ಲ ಒಂದರ ಹಿಂದೊಂದು ಬಂದು ಎದುರು ನಿಂತವು. ತೆಳ್ಳಗಿರುವುದನ್ನೆಲ್ಲ ಸೋಸಿದ್ದು ಯಾವ ಯಂತ್ರವೂ ಅಲ್ಲ, ನನ್ನ ಕಿವಿ.

ವಿಲ್ಮಾ ಚೀಟಿ ಹಿಡಿದು ಹೊರಗೆ ಬಂದಳು. ಓದಲಿಲ್ಲ.

"ಎಲೆಮೇರ್ ಅಂಕಲ್, ಮುಳ್ಳು ಯಾಕೋ ಸರಿ ಇಲ್ಲ ಅನ್ಸತ್ತೆ..."

ದೆಜೋ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಕಣ್ಣು ತೆರೆದಿದ್ದು ಅವನಿಗೆ ಗೊತ್ತಿಲ್ಲ. ಅವನು ಕುರ್ಚಿ ಸರಿಸಿ ಎದ್ದು ನಿಂತ.

"ಚೀಟಿ ಓದೋದೇನೂ ಬೇಡ," ಅಂದ. "ಅವನು ಹೇಳಿದ್ದು ನಿಜ. ನಾನೇ ಬದಲಾಯಿಸ್ದೆ. ಆಸೆ ಆಯ್ತು, ಕದ್ದೆ. ನಿನ್ನ ಪ್ಲೇಟು ನಮ್ಮನೇಲಿದೆ ಎಲೆಮೇರ್, ನಾಳೆ ತಂದ್ಕೊಡ್ತೀನಿ."

ಎತೆಲ್ಕಾ ನೆಲ ನೋಡುತ್ತಿದ್ದರು. ಏಳು ಜನರಿಗೂ ಅದು ಸುಳ್ಳೆಂದು ಗೊತ್ತು, ಏಳು ಜನವೂ ಆ ಸುಳ್ಳನ್ನು ನನಗಾಗಿ ಎತ್ತಿ ಹಿಡಿದಿದ್ದರು. ನಾನು ಸುಮ್ಮನೆ "ಹೂಂ" ಅಂದಿದ್ದರೆ ಸಾಕಿತ್ತು. ಅವನು ಕೋಟು ಹಾಕಿಕೊಂಡು ಕಳ್ಳನಾಗಿ ಹೊರಗೆ ಹೋಗುತ್ತಿದ್ದ, ನನ್ನ ಕಿವಿ ಜುಗ್ಲೊದಲ್ಲಿ ಕಿವಿಯಾಗಿಯೇ ಉಳಿಯುತ್ತಿತ್ತು. ಒಂದು ಗಳಿಗೆ ಆ ಆಸೆಯೂ ಬಂತು. ಎಂಥ ನೀಚ ನಾನು ಎಂದು ಆ ದಿನ ನನಗೆ ತಿಳಿಯಿತು.

"ಚೀಟಿ ಕೊಡಮ್ಮ," ಎಂದೆ. ವಿಲ್ಮಾ ಕೊಡಲಿಲ್ಲ, ಕೈಯಿಂದ ಕಿತ್ತುಕೊಂಡೆ. ಎಲ್ಲರಿಗೂ ಕೇಳುವಂತೆ ಓದಿದೆ.

"ಮೊದಲನೇದಕ್ಕೆ ಏಳು. ಎರಡನೇದಕ್ಕೆ ಏಳು. ನಾವು ಎಂಟು ಜನ."

ಆಮೇಲೆ ಕೂತುಬಿಟ್ಟೆ. ಎತೆಲ್ಕಾ ಟೀಚರ್ ಬಂದು ನನ್ನ ಪಕ್ಕ ಕೂತು, ಪೊಗಾಚಾದ ಡಬ್ಬಿಯನ್ನು ತೊಡೆಯ ಮೇಲಿಟ್ಟರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು. ಅವರು ಎಂದಾದರೂ ನನ್ನನ್ನು ಹಂಗಿಸದೆ ಬಿಟ್ಟಿದ್ದರೆ ಅದು ಆವತ್ತೊಂದೇ ದಿನ.

ದೆಜೋನೂ ನಾನೂ ಟ್ರಾಮು ಹತ್ತಲಿಲ್ಲ, ಕರಗುವ ಹಿಮದಲ್ಲಿ ನಡೆದುಕೊಂಡೇ ಮನೆಗೆ ಬಂದೆವು.

"ಆ ಗಡಿಯಾರ ನಡೀತಿತ್ತಾ?" ಎಂದು ದಾರಿಯಲ್ಲಿ ಕೇಳಿದೆ.

"ನಡೀತಿತ್ತು. ಈಗ್ಲೂ ನಡೀತಿದೆ."

"ಅಕ್ಟೋಬರಲ್ಲಿ ಯಾಕೆ ಒಯ್ದೆ ಮತ್ತೆ?"

"ಟೀಚರ್ ಪಿಯಾನೋ ವಿಷಯ ಹೇಳಿದ್ರು. ಜನವರಿ ಬಂದ್ರೆ ನಿಂಗೆ ಬಳೆ ಕೇಳಲ್ವಲ್ಲ ಅಂತ ಭಯ ಆಯ್ತು," ಅಂದ ದೆಜೋ. "ಟೇಪಿಗೆ ಹಾಕ್ಕೊಂಡು ಅದೊಂದನ್ನ ಜೋರು ಮಾಡಿಕೊಡಣ ಅಂತ ಮೂರು ವಾರ ಒದ್ದಾಡಿದೆ. ಬಳೆ ಏರಿಸಿದ್ರೆ ಸುರ್ ಸದ್ದೂ ಏರತ್ತೆ, ಮುಂದೆ ಬರೋ ಪಿಟೀಲು ಕಿರುಚತ್ತೆ. ಆಗ್ಲಿಲ್ಲ. ಕೊನೆಗೆ ಗುಂಡಿನಾದ್ರೂ ತಿರುಗಿಸೋಣ ಅಂದ್ರೆ ನೀನು ಎಲ್ಲಿ ಬಿಡ್ತೀಯ!"

"ಬಾಯಿಬಿಟ್ಟು ಹೇಳಬಾರ್ದಿತ್ತೇನೋ ಕತ್ತೆ?"

"ನೀನೇ ಹೇಳು. ನಿಂಗೆ ಹೇಗೋ ಹೇಳೋದು?"

ಕ್ಷಮಿಸು ಎಂದೆ. ಅವನು "ಬಿಡೋ" ಎಂದು ಮೂಗು ಒರೆಸಿಕೊಂಡ.

ಮನೆಗೆ ಬಂದು ಸ್ಟೋವ್ ಹಚ್ಚಿದೆ. ಜನವರಿ ಹದಿನೆಂಟು ಕಳೆದು ಎಷ್ಟೋ ದಿನವಾಗಿತ್ತು, ಆದರೂ ರೆಕಾರ್ಡು ಹಾಕಿದೆ. ದೆಜೋನ ಕೈ ಟ್ರೆಬಲ್ ಗುಂಡಿಯ ಕಡೆ ಹೋಯಿತು. ಬೇಡ ಎಂದು ತಲೆಯಾಡಿಸಿದೆ, ನಡುವಿಗೇ ಇರಲಿ. ಅವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ, ಆ ಕಛೇರಿಯ ದಿನ ಅವಳು ಕೂತಿದ್ದ ಎಡಗಡೆಯಲ್ಲೇ ಕೂತ. ಅದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ.

ಕಣ್ಣು ಮುಚ್ಚಿದೆ. ಪಿಟೀಲು ಇಳಿಯಿತು, ವಯೋಲ ಇಳಿಯಿತು, ನಾಲ್ವರೂ ನಿಂತರು. ನನಗೆ ಏನೂ ಕೇಳಲಿಲ್ಲ. ದೆಜೋ ನನ್ನ ಮಣಿಕಟ್ಟಿನ ಮೇಲೆ, ಬಳೆ ತೊಡುವ ಜಾಗದಲ್ಲಿ, ಬೆರಳಿನಿಂದ ಒಮ್ಮೆ ಮೆತ್ತಗೆ ತಟ್ಟಿದ.

ಈ ಸಲ ನಾನು ತಿರುಗಿ ದುರುಗುಟ್ಟಿ ನೋಡಲಿಲ್ಲ.